ಪೂರ್ತಿ ಒಂದು ನಿಮಿಷ

ಬೆಳಗಿನ ಐದೂವರೆ. ಗಂಡಸರ ವಾರ್ಡಿನ ಏಳನೇ ಹಾಸಿಗೆಯ ಪಕ್ಕ ನರ್ಸಮ್ಮ ಒಬ್ಬರು ರೋಗಿಯ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ಸುಮ್ಮನೆ ನಿಂತಿದ್ದಾರೆ. ನಾಡಿ ನೋಡುವುದು ಬರೀ ನೆಪ. ಅವರು ಎಣಿಸುತ್ತಿರುವುದು ಉಸಿರನ್ನು. "ಉಸಿರು ಎಣಿಸ್ತೀನಿ ಅಂದ್ರೆ ಸಾಕು, ಎಲ್ಲರೂ ಬೇರೆ ಥರ ಉಸಿರಾಡೋಕೆ ಶುರು ಮಾಡ್ತಾರೆ. ಅದಕ್ಕೇ ಈ ಕಳ್ಳಾಟ," ಎನ್ನುತ್ತಾರೆ.

ನಿಮಿಷಕ್ಕೆ ಇಪ್ಪತ್ತೇಳು; ಇಪ್ಪತ್ತು ದಾಟಬಾರದು. ಬೆರಳಿಗೆ ಸಿಕ್ಕಿಸಿದ ಯಂತ್ರ ಎಲ್ಲ ಸರಿಯಿದೆ ಎನ್ನುತ್ತಿದೆ, ಬಿ.ಪಿ. ಸರಿಯಿದೆ, ಜ್ವರವಿಲ್ಲ. ಎರಡು ದಿನದ ಹಿಂದೆ ಕರುಳಿನ ಆಪರೇಷನ್ ಆದ ಟೈಲರ್ ಕೂಡ "ಆರಾಮಾಗಿದೀನಿ ಸಿಸ್ಟರ್" ಎನ್ನುತ್ತಾರೆ. ಆ ಎರಡು ಪದಗಳ ನಡುವೆ ಅವರು ಉಸಿರೆಳೆದುಕೊಂಡದ್ದು ನರ್ಸಮ್ಮನ ಕಣ್ಣು ತಪ್ಪುವುದಿಲ್ಲ. ಡ್ಯೂಟಿ ಡಾಕ್ಟರಿಗೆ ಫೋನು ಹೋಗುತ್ತದೆ.

"ನೋವಿಗೆ ಹಾಗಾಗುತ್ತೆ ಸಿಸ್ಟರ್, ರೌಂಡ್ಸ್‌ಗೆ ಬಂದಾಗ ನೋಡೋಣ."

"ನೋವಿನ ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಆಯ್ತು ಸರ್. ನೋವು ಇಳಿದಿದೆ, ಉಸಿರು ಏರಿದೆ. ನೀವು ಬಂದು ಹೊಟ್ಟೆ ಮುಟ್ಟಿ ನೋಡೋವರೆಗೂ ನಾನು ಫೋನ್ ಮಾಡ್ತಾನೇ ಇರ್ತೀನಿ."

ಡಾಕ್ಟರು ಗೊಣಗುತ್ತಲೇ ಬರುತ್ತಾರೆ. ಹೊಟ್ಟೆ ಮುಟ್ಟಿದ ಮೇಲೆ ಗೊಣಗಾಟ ನಿಲ್ಲುತ್ತದೆ. ಒಳಗಿನ ಹೊಲಿಗೆ ಸೋರಿದೆ. ಏಳು ಗಂಟೆಯೊಳಗೆ ಟೈಲರ್ ಮತ್ತೆ ಆಪರೇಷನ್ ಥಿಯೇಟರಿನಲ್ಲಿದ್ದಾರೆ.

ಇಪ್ಪತ್ತಾರು ವರ್ಷದ ಸರ್ವಿಸಿನ ಈ ನರ್ಸಮ್ಮನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು 'ನಿಮಿಷದಕ್ಕ'. ಮೂವತ್ತೆರಡು ಹಾಸಿಗೆ, ಪಾಳಿಗೆ ಮೂರು ಸುತ್ತು, ಒಬ್ಬೊಬ್ಬರಿಗೂ ಪೂರ್ತಿ ಒಂದು ನಿಮಿಷ. ಬರೀ ಉಸಿರಿಗೇ ಒಂದೂವರೆ ಗಂಟೆ ಹೋಗುತ್ತದೆ. ಕೈತುಂಬ ಕೆಲಸವಿರುವ ವಾರ್ಡುಗಳಲ್ಲಿ ಇದಕ್ಕೊಂದು ಅಡ್ಡದಾರಿ ಇದೆ: ಎಣಿಸದೆಯೇ 'ಇಪ್ಪತ್ತು' ಎಂದು ಬರೆಯುವುದು. ನಿಮಿಷದಕ್ಕನೂ ಆ ದಾರಿ ತುಳಿದವರೇ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಬ್ಬ ಬಾಣಂತಿಗೆ.

"ಮಧ್ಯಾಹ್ನಕ್ಕೆಲ್ಲ ಆಯಮ್ಮ ಹೋಗ್ಬಿಟ್ರು. ಚಾರ್ಟಲ್ಲಿ ನನ್ನ ಇಪ್ಪತ್ತು ಹಾಗೇ ಇತ್ತು. ಯಾರೂ ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಅಂದಿನಿಂದ ಎಣಿಕೆ ತಪ್ಪಿಸಿಲ್ಲ. "ಮಲಗಿದ್ರೆ ನಂದೂ ಎಣಿಸ್ತಾಳೆ. ಪಾಸೋ ಫೇಲೋ ಮಾತ್ರ ಹೇಳಲ್ಲ," ಎಂದು ಯಜಮಾನರು ತಮಾಷೆ ಮಾಡುತ್ತಾರೆ.

ಪಾಳಿ ಎಂಟಕ್ಕೇ ಮುಗಿದಿದೆ. ಆದರೂ ನಿಮಿಷದಕ್ಕ ಥಿಯೇಟರಿನ ಹೊರಗಿನ ಬೆಂಚಿನಿಂದ ಏಳುವುದಿಲ್ಲ. ಪಕ್ಕದಲ್ಲಿ ಕೂತ ಟೈಲರ ಹೆಂಡತಿ ನಿಮಿಷದಕ್ಕನ ಕೈ ಬಿಟ್ಟಿಲ್ಲ. ಹತ್ತೂವರೆಗೆ ಟೈಲರನ್ನು ಹೊರತರುತ್ತಾರೆ. ಗಂಡ ಉಳಿದರು ಎಂದು ತಿಳಿದ ಆಕೆಗೆ ಅಳುವೂ ನಗುವೂ ಒಟ್ಟಿಗೇ ಬರುತ್ತವೆ. ಐಸಿಯುವಿನಲ್ಲಿ ಹೊಸದಾಗಿ ಸೇರಿದ ಸಿಸ್ಟರ್ ಟೈಲರ ಮಣಿಕಟ್ಟು ಹಿಡಿದು, ಗಡಿಯಾರ ನೋಡಿ, ಚಾರ್ಟಿನಲ್ಲಿ ಬರೆಯುತ್ತಾಳೆ: ಹತ್ತೊಂಬತ್ತು.

ಹಿಂದೆಯೇ ಬಂದಿದ್ದ ನಿಮಿಷದಕ್ಕ ಅದನ್ನು ನೋಡಿ ಚೀಲ ಹೆಗಲಿಗೇರಿಸುತ್ತಾರೆ. "ಅರ್ಧ ನಿಮಿಷ ಎಣಿಸಿ ಡಬಲ್ ಮಾಡಿದ್ರೆ ಹತ್ತೊಂಬತ್ತು ಬರಲ್ಲ. ಸುಮ್ನೆ ಬರೆಯೋರೂ ಹತ್ತೊಂಬತ್ತು ಅಂತ ಬರೆಯಲ್ಲ. ಹುಡುಗಿ ಪೂರ್ತಿ ನಿಂತಿದಾಳೆ. ಇನ್ನು ನಾನು ಮನೆಗೆ ಹೋಗಬಹುದು."