ಹಫೀಝಾ ಬಾಗಿಸಿದಂತೆ ಬೆಳಕು ಕೆಂಪಾಗುತ್ತದೆ

ಮಣಿಪಾಲದಲ್ಲಿ ಬೆಳಗು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಹಫೀಝಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತಿದ್ದಾರೆ. ಬಲಗೈ ಒಂದು ಪುಟ್ಟ ತಿರುಪಿನ ಮೇಲಿದೆ. ಮೆಟ್ಟಿಲಲ್ಲಿ ಯಾರೋ ನಡೆದ ಸದ್ದು, ಕೈ ನಿಲ್ಲುತ್ತದೆ. ಸದ್ದು ಅಡಗಿದ ಮೇಲೆಯೇ ಮತ್ತೆ ಅಲುಗುತ್ತದೆ. "ಈಗ ಮಾತಾಡಬೇಡಿ, ಆಯ್ತಾ?" ಎನ್ನುತ್ತಾರೆ ಅವರ ಕೆಲಸ ನೋಡಿ ಬರೆಯಲು ಬಂದ ನನಗೆ, ತಲೆ ಎತ್ತದೆ.

ತಿರುಪು ತಿರುಗಿದಂತೆ ಪ್ಲಾಸ್ಟಿಕ್ ಪಟ್ಟಿಯೊಂದು ಬಾಗುತ್ತದೆ. ಅದರ ಮೇಲೆ ಬರಿಗಣ್ಣಿಗೆ ಕಾಣದ ಅರೆವಾಹಕದ ಚೂರೊಂದು ಕೂತಿದೆ. ಟಂಗ್‌ಸ್ಟನ್ ಮತ್ತು ಗಂಧಕ ಸೇರಿದ ಹರಳನ್ನು ಅಂಟುಟೇಪಿನಿಂದ ಸುಲಿಯುತ್ತಾ ಹೋಗಿ, ಕೊನೆಗೆ ಉಳಿಸಿಕೊಂಡ ಒಂದೇ ಒಂದು ಪದರ ಅದು. ಲೇಸರ್ ಬಿದ್ದರೆ ಕಿತ್ತಳೆಗೆಂಪಾಗಿ ಹೊಳೆಯುತ್ತದೆ. ಪಟ್ಟಿ ಬಾಗಿಸಿ ಚೂರನ್ನು ಹಿಗ್ಗಿಸಿ ಎಳೆದರೆ ಬಣ್ಣ ಇನ್ನಷ್ಟು ಕೆಂಪಿನತ್ತ ಸರಿಯುತ್ತದೆ. ಹೀಗೆ ಬಣ್ಣವನ್ನು ಬೇಕಾದಲ್ಲಿ ನಿಲ್ಲಿಸಲು ಬಂದರೆ, ಮೈಗೆ ಅಂಟಿಸುವ ಸಂವೇದಕಗಳಿಗೆ ದಾರಿಯಾದೀತು ಎಂಬುದು ಇಲ್ಲಿನವರ ನಂಬಿಕೆ.

ಕಾಪುವಿನ ಹಫೀಝಾ ಇಲ್ಲಿ ಸಹಾಯಕಿ. ಮೊದಲು ಉದ್ಯಾವರದಲ್ಲಿ ಗಂಡ ನಿಯಾಝ್ ಅವರ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದರು. ಬೈಕಿನಿಂದ ಬಿದ್ದು ನಿಯಾಝ್ ಮಣಿಕಟ್ಟು ಮುರಿದುಕೊಂಡಾಗ ರಿಪೇರಿ ಕೆಲಸವೆಲ್ಲ ಇವರ ಕೈಗೆ ಬಂತು. "ಅವರು ಪಕ್ಕದಲ್ಲಿ ಕೂತು ಹೇಳುವುದು, ನಾನು ಮಾಡುವುದು. ಉಸಿರು ಹಿಡಿದು ಕೆಲಸ ಮಾಡಲು ಕಲಿತದ್ದೇ ಅಲ್ಲಿ." ಗಂಡನ ಕೈ ಸರಿಯಾದ ಮೇಲೆ ಈ ಕೆಲಸಕ್ಕೆಂದು ಮಣಿಪಾಲದ ಬಸ್ಸು ಹತ್ತಿದರು. ದಿನವಿಡೀ ಸುಲಿದರೂ ಕೆಲವೊಮ್ಮೆ ಒಂದೂ ಒಳ್ಳೆಯ ಚೂರು ಸಿಗುವುದಿಲ್ಲ.

ಇವತ್ತಿನದು ಸುಲಭದ ಬೆಳಗಲ್ಲ. ಸಂಶೋಧನಾ ವಿದ್ಯಾರ್ಥಿನಿ ಶ್ರೀವಾಣಿಯ ಪ್ರಬಂಧವನ್ನು ಪರಿಶೀಲಕರು ಹಿಂದಕ್ಕೆ ಕಳಿಸಿದ್ದಾರೆ. ಬಣ್ಣ ಸರಿದದ್ದು ಎಳೆತದಿಂದಲೋ, ಲೇಸರಿನ ಬಿಸಿಗೆ ಚೂರು ಕೆಟ್ಟದ್ದರಿಂದಲೋ ಎಂಬುದು ಅವರ ಪ್ರಶ್ನೆ. ಪಟ್ಟಿ ಸಡಿಲಿಸಿದಾಗ ಬಣ್ಣ ಮೊದಲಿದ್ದಲ್ಲಿಗೇ ಮರಳಬೇಕು, ಉತ್ತರ ಅದೊಂದೇ. ಹಿಂದಿನ ಚೂರುಗಳೆಲ್ಲ ಎಳೆಯುವಾಗ ಪಟ್ಟಿಯ ಮೇಲೆ ಜಾರಿಹೋದವು. ಮೇಲೊಂದು ತೆಳು ಲೇಪ ಹಾಕಿ ಹಿಡಿಸೋಣ ಎಂದದ್ದು ಶ್ರೀವಾಣಿ, ಹಾಕಿದ್ದು ಹಫೀಝಾ. ಹರಳು ಮುಗಿದಿದೆ. ಇದು ಕೊನೆಯ ಚೂರು.

"ಇನ್ನೂ ಸ್ವಲ್ಪ, ಹಫೀಝಕ್ಕ," ಎನ್ನುತ್ತಾಳೆ ಪಕ್ಕದಲ್ಲಿ ಕೂತ ಶ್ರೀವಾಣಿ, ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ.

"ಇನ್ನೂ ಬೇಕಾ ಮಾರಾಯ್ತಿ?"

"ಬೇಕು. ಇಷ್ಟು ಸಾಲುವುದಿಲ್ಲ."

ತಿರುಪು ಕೂದಲೆಳೆಯಷ್ಟು ತಿರುಗುತ್ತದೆ. ಬೆಳಕಿನ ಬಣ್ಣ ತೋರಿಸುತ್ತಿದ್ದ ಪರದೆಯ ಗೆರೆ ಸಟ್ಟನೆ ಕುಸಿಯುತ್ತದೆ.

"ಹೋಯ್ತಾ?" ಶ್ರೀವಾಣಿ ಪರದೆಯತ್ತ ಬಾಗುತ್ತಾಳೆ.

ಚೂರು ಒಡೆದಿರಬಹುದು, ಪಟ್ಟಿ ಬಾಗುವಾಗ ಲೇಸರಿನ ಗುರಿ ತಪ್ಪಿರಲೂಬಹುದು. ಹಫೀಝಾ ಎಡಗೈಯಿಂದ, ಚೂರನ್ನು ಲೇಸರಿನಡಿ ಸರಿಸುವ ಇನ್ನೊಂದು ಗುಂಡಿಯನ್ನು ಅತ್ತಿತ್ತ ತಿರುಗಿಸಿ ಹುಡುಕುತ್ತಾರೆ. ಏನೂ ಇಲ್ಲ. ಮತ್ತೆ ಹುಡುಕುತ್ತಾರೆ. ಗೆರೆ ಮೆಲ್ಲಗೆ ತಲೆ ಎತ್ತುತ್ತದೆ, ಮೊದಲಿಗಿಂತ ಇನ್ನೂ ಕೆಂಪಿನ ಕಡೆಗೆ.

ಈಗ ಸಡಿಲಿಸುವ ಹೊತ್ತು. ತಿರುಪು ಹಿಂದಕ್ಕೆ ಬರುತ್ತದೆ, ಗೆರೆಯೂ ಬರುತ್ತದೆ. ನಡುವೆ ಒಮ್ಮೆ ತಡೆದಂತಾಗುತ್ತದೆ. ಮತ್ತೆ ಸರಿದು, ಹೊರಟ ಗುರುತಿನ ಮೇಲೆಯೇ ಬಂದು ನಿಲ್ಲುತ್ತದೆ. ಶ್ರೀವಾಣಿ ಅಳುತ್ತಲೇ ಅದನ್ನು ಕಂಪ್ಯೂಟರಿನಲ್ಲಿ ಉಳಿಸುತ್ತಾಳೆ. ಹಫೀಝಾ ತಿರುಪಿನಿಂದ ಬೆರಳುಗಳನ್ನು ತೆಗೆದು ದುಪ್ಪಟ್ಟಾದಲ್ಲಿ ಒರೆಸಿಕೊಳ್ಳುತ್ತಾರೆ.

ಭಯವಾಗಲಿಲ್ಲವೇ ಎಂದು ಕೇಳುತ್ತೇನೆ.

"ಆಗದೆ ಎಂತ? ಒಡೆದರೆ ಒಡೆಯಲಿ, ಅದು ಕಣ್ಣಿಗೆ ಗೊತ್ತಾಗ್ತದೆ. ಜಾರಿದ್ದರೆ ಮಾತ್ರ ಬಣ್ಣ ಮೊದಲಿನಲ್ಲಿಗೆ ಬರ್ತಿರಲಿಲ್ಲ, ಈ ಹುಡುಗಿ ಬರೆದದ್ದೆಲ್ಲ ಸುಳ್ಳಾಗ್ತಿತ್ತು." ನಂತರ ಪಟ್ಟಿಯತ್ತ ನೋಡಿ, ಸಣ್ಣ ದನಿಯಲ್ಲಿ ಹೇಳುತ್ತಾರೆ: "ನಾನು ಕೂರಿಸಿದ್ದು ಜಾರಲಿಲ್ಲ, ಅಲ್ವಾ?"