ಖಾಲಿ ಜಾಗಕ್ಕೆ ಹೆತ್ತೂರಿನ ಮಳೆ

ನಮ್ಮ ಕಡೆ ಮಳೆಯನ್ನು ಸೆಂಟಿನಲ್ಲಿ ಹೇಳುತ್ತಾರೆ. ಇಂಚಿನ ನೂರನೇ ಪಾಲು ಒಂದು ಸೆಂಟ್. ಫೋನ್ ಎತ್ತಿದರೆ ಕ್ಷೇಮ ಸಮಾಚಾರಕ್ಕೂ ಮೊದಲು ನಿಮ್ಮಲ್ಲಿ ಎಷ್ಟು ಸೆಂಟ್ ಎಂದು ಕೇಳುವ ಜನ. ಈ ಚಟವನ್ನೇ ನಂಬಿ ಒಬ್ಬನು ಸಕಲೇಶಪುರದ ಪೇಟೆಯಲ್ಲಿ, ಮಹಡಿಯ ಮೇಲೆ ಕಂಪನಿ ತೆರೆದ. ಊರೂರಿನ ಮಳೆಯ ಲೆಕ್ಕವನ್ನು ಬೆಳಿಗ್ಗೆ ಆರಕ್ಕೆ ಬೆಳೆಗಾರರ ಮೊಬೈಲಿಗೆ ಕಳಿಸುವುದು ಅವನ ವ್ಯಾಪಾರ. ಲೆಕ್ಕ ಇರುವುದು ಇನ್ನೊಂದು ಸಂಸ್ಥೆಯ ಸರ್ವರಿನಲ್ಲಿ. ಅದಕ್ಕೆ ರಿಕ್ವೆಸ್ಟ್ ಕಳಿಸಿ ಉತ್ತರ ತರುವ ಕೋಡ್ ಬರೆಯುವುದು ನನ್ನ ಕೆಲಸವಾಗಿತ್ತು, ಮೆಸೇಜು ಕಳಿಸುವವರು ಬೇರೆ.

ಪಾಳ್ಯದ ನನ್ನ ಚಿಕ್ಕಮ್ಮನಿಗೆ ಆ ಮೆಸೇಜು ಬರುವಂತೆ ಮಾಡಿಕೊಟ್ಟವನೂ ನಾನೇ. ಅವಳ ಮನೆ, ಗದ್ದೆ ಪಾಳ್ಯದಲ್ಲಿ. ಕಾಫಿ ತೋಟ ಮಾತ್ರ ದೂರದ ಹೊಂಗಡಹಳ್ಳದ ಹತ್ತಿರ. ಬಸ್ಸು ಬದಲಿಸಿ ಹೋಗಬೇಕು, ಮಂಡಿನೋವು ಬೇರೆ. ಆ ವರ್ಷ ಮೊದಲ ಮಳೆಗೆ ಹೂ ಚೆನ್ನಾಗಿ ಅರಳಿತ್ತು. ಅರಳಿದ ಕೆಲವೇ ವಾರದೊಳಗೆ ಇನ್ನೊಂದು ಮಳೆ ಬೀಳಬೇಕು, ಇಲ್ಲವೇ ಸ್ಪ್ರಿಂಕ್ಲರಿನಲ್ಲಿ ನೀರು ಹೊಡೆಸಬೇಕು. ಎರಡೂ ಆಗದಿದ್ದರೆ ಕಾಯಿ ಕಚ್ಚುವುದಿಲ್ಲ, ಆ ವರ್ಷದ ಫಸಲು ಹೋದಂತೆಯೇ. ಅವಳ ತೋಟದ ಕೆರೆಯಲ್ಲಿ ಒಂದು ಸಲಕ್ಕೆ ಸಾಲುವಷ್ಟು ನೀರಿತ್ತು. ಮಳೆ ಬಂದರೆ ನೀರು ಉಳಿಯಲಿ, ಬಾರದಿದ್ದರೆ ಹೊಡೆಸೋಣ ಎಂದು ಅವಳು ದಿನಾ ಮೆಸೇಜು ನೋಡುತ್ತಿದ್ದಳು.

ಆಗಲೇ ಹೊಂಗಡಹಳ್ಳದ ಉತ್ತರ ಖಾಲಿ ಬರತೊಡಗಿತು. ತಪ್ಪಾಗಿದೆ ಎಂದಾದರೂ ಸರ್ವರ್ ಹೇಳಿದ್ದರೆ ಎಷ್ಟೋ ವಾಸಿಯಿತ್ತು. ಅದು ಹೇಳುತ್ತಿದ್ದುದು ಇನ್ನೂರು, ಅಂದರೆ ಎಲ್ಲ ಸರಿ ಇದೆ ಎಂದು. ಬಿಚ್ಚಿ ನೋಡಿದರೆ ಎರಡು ಕಂಸ, ನಡುವೆ ಏನೂ ಇಲ್ಲ. ಗುಡ್ಡದ ಈಚೆಗಿನ ಹೆತ್ತೂರಿನದ್ದು ಮಾತ್ರ ಸರಿಯಾಗಿ ಬರುತ್ತಿತ್ತು. ಆಫೀಸಿಗೆ ಬಂದು ಬ್ರೌಸರಿನಲ್ಲಿ ನೋಡಿದರೆ ಹೊಂಗಡಹಳ್ಳದ್ದೂ ಇರುತ್ತಿತ್ತು. ಹಾಗಾದರೆ ದೋಷ ನನ್ನ ಕೋಡಿನದ್ದೇ ಎಂದು ಒಂದು ದಿನ ರಿಕ್ವೆಸ್ಟಿನ ತಲೆಬರಹವಾದ ಹೆಡರ್ ಬದಲಿಸಿದೆ, ಇನ್ನೊಂದು ದಿನ ಸರ್ವರಿಗೆ ನಮ್ಮ ಗುರುತು ಹೇಳುವ ಕೀ ಬದಲಿಸಿದೆ, ಮತ್ತೊಂದು ದಿನ ಕಾಯುವ ಸಮಯ ಹೆಚ್ಚಿಸಿದೆ. ಪ್ರತಿ ಸಲ ತಿದ್ದಿ ಓಡಿಸಿದಾಗಲೂ ಉತ್ತರ ಬರುತ್ತಿತ್ತು, ಗೆದ್ದೆ ಎಂದು ಹಿಗ್ಗುತ್ತಿದ್ದೆ. ಮರುದಿನ ಆರಕ್ಕೆ ಮತ್ತೆ ಖಾಲಿ. ಸಂಸ್ಥೆಗೆ ಬರೆದರೆ, ಇನ್ನೂರು ಬಂದಿದೆಯಲ್ಲ, ನಮ್ಮ ಕಡೆ ತೊಂದರೆಯಿಲ್ಲ ಎಂದರು. ಆ ಉತ್ತರ ಮಾತ್ರ ಖಾಲಿ ಬರಲಿಲ್ಲ.

ಮಾಲೀಕನಿಗೆ ಬೆಳೆಗಾರರ ಫೋನು ಶುರುವಾಯಿತು. ಖಾಲಿ ಬಿಡಬೇಡ, ಹೆತ್ತೂರಿನ ಲೆಕ್ಕವನ್ನೇ ಹೊಂಗಡಹಳ್ಳಕ್ಕೂ ಹಾಕು ಎಂದ. ನಾನು ಒಪ್ಪಲಿಲ್ಲ. ಗುಡ್ಡದ ಈಚೆ ಕೊಡೆ ಬಿಚ್ಚುವಾಗ ಆಚೆ ಧೂಳು ಏಳುತ್ತಿರುತ್ತದೆ ಎಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು, ಅವನೂ ಇಲ್ಲೇ ಹುಟ್ಟಿ ಬೆಳೆದವನು. ಸರಿ ಬಿಡು ಎಂದ. ಜಾಗ ಖಾಲಿಯಾಗಿಯೇ ಹೋಗುತ್ತಿದೆ ಎಂದು ನಾನು ನಂಬಿದೆ.

ಕೊನೆಗೊಂದು ದಿನ ಬೇಸತ್ತು, ಏನನ್ನೂ ತಿದ್ದದೆ, ಬೆಳಿಗ್ಗೆ ಸೋತ ಕೋಡನ್ನೇ ಹತ್ತು ಗಂಟೆಗೆ ಹಾಗೇ ಓಡಿಸಿದೆ. ಉತ್ತರ ಬಂತು. ನನ್ನ ತಿದ್ದುಪಡಿಗಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹೊಂಗಡಹಳ್ಳದ ಲೆಕ್ಕ ಬರುತ್ತಿದ್ದ ಎಸ್ಟೇಟಿಗೆ ಫೋನ್ ಮಾಡಿ ಕೇಳಿದೆ. ತಾನಾಗಿಯೇ ಮಳೆ ಅಳೆದು ಕಳಿಸುವ ಅಲ್ಲಿಯ ಯಂತ್ರ ಕೆಟ್ಟಿತ್ತು. ಅಂದಿನಿಂದ ಹಳೆಯ ಪದ್ಧತಿಯಂತೆ ಬೆಳಿಗ್ಗೆ ಎಂಟಕ್ಕೆ, ಆಳುಗಳನ್ನು ಕೆಲಸಕ್ಕೆ ಕಳಿಸಿದ ಮೇಲೆ, ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಅಳೆದು ಸಂಸ್ಥೆಗೆ ಕಳಿಸುತ್ತಿದ್ದರು. ನಾನು ಕೇಳುತ್ತಿದ್ದುದು ಆರಕ್ಕೆ. ಇನ್ನೂ ಅಳೆಯದ ಮಳೆಯನ್ನು ಸರ್ವರ್ ಎಲ್ಲಿಂದ ತರಬೇಕು.

ಖುಷಿಯಿಂದ ಮಾಲೀಕನ ಬಳಿಗೆ ಹೋದೆ. ಅವನು ಫೋನಿನಿಂದ ತಲೆ ಎತ್ತಲಿಲ್ಲ.

"ಅದಕ್ಯಾಕೆ ತಲೆ ಕೆಡಿಸ್ಕೊಂತೀಯ ಮಾರಾಯ. ಮೆಸೇಜ್ ಕಳಿಸೋರಿಗೆ ಆಗ್ಲೇ ಹೇಳ್ಬುಟ್ಟಿದೀನಿ. ಖಾಲಿ ಬಂದ್ರೆ ಹೆತ್ತೂರಿಂದೇ ಹೋಗ್ತಾ ಐತೆ."

ಹೆತ್ತೂರಿಗೆ ಎರಡು ವಾರದ ಹಿಂದೆಯೇ ಎಂಬತ್ತು ಸೆಂಟ್ ಮಳೆಯಾಗಿತ್ತು. ಹೊಂಗಡಹಳ್ಳಕ್ಕೆ ಒಂದು ಸೆಂಟೂ ಬಿದ್ದಿರಲಿಲ್ಲ. ಕೆಲಸ ಬಿಟ್ಟು ಬಹಳ ಕಾಲವಾದರೂ ಆ ಮನುಷ್ಯನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮರುದಿನ ಚಿಕ್ಕಮ್ಮನನ್ನು ಕರೆದುಕೊಂಡು ತೋಟಕ್ಕೆ ಹೋದೆ. ಎಂಬತ್ತು ಸೆಂಟ್ ಎಂದು ಓದಿ, ಪಂಪಿನವರನ್ನು ಅವಳು ಬೇಡವೆಂದು ವಾಪಸು ಕಳಿಸಿದ್ದಳಂತೆ. ಗಿಡದ ಕೆಳಗೆ ನೆಲ ಬಿರುಕು ಬಿಟ್ಟಿತ್ತು. ಒಣಗಿ ಕಪ್ಪಾಗಿದ್ದ ಹೂ ಮುಟ್ಟಿದರೆ ಉದುರುತ್ತಿತ್ತು, ಕಾಯಿ ಒಂದೂ ಕಚ್ಚಿರಲಿಲ್ಲ. ಕೆರೆಯ ನೀರು ಹಾಗೇ ನಿಂತಿತ್ತು. ನಡೆದದ್ದನ್ನೆಲ್ಲ ನಾನು ಹೇಳುತ್ತಾ ಹೋದೆ. ಅವಳು ಏರಿಯ ಮೇಲೆ ಕುಳಿತು ನೀರನ್ನೇ ನೋಡುತ್ತಾ ಕೇಳಿಸಿಕೊಂಡಳು.

"ಗೊತ್ತಿಲ್ಲ ಅಂದ್ರೆ ಸುಮ್ನೆ ಬುಟ್ಬುಡೋದಲ್ವೇನೋ," ಅಂದಳು. "ಏನೂ ಬರೀದೆ ಇದ್ದಿದ್ರೆ ನಾನೇ ಬಂದು ನೋಡ್ತಿದ್ದೆ ಕಣೋ."