ಚಕ್ರದ ಕಾಲಿಗೆ ಕಟ್ಟಿದ ಮಲ್ಲಿಗೆ

ಮೂಡುಬಿದಿರೆಯ ಹತ್ತಿರದ ಒಂದು ಕಾಲೇಜಿನ ಶೆಡ್ಡಿನಲ್ಲಿ, ಹಾರುವುದು ಬಿಟ್ಟ ಸಣ್ಣ ವಿಮಾನವೊಂದು ಉಂಟು. ಜಾಕಿಗಳ ಮೇಲೆ ಎತ್ತಿ ನಿಲ್ಲಿಸಿದ್ದೇವೆ. ಅದರ ಚಕ್ರಗಳು ಹೊಟ್ಟೆಯೊಳಗೆ ಮಡಚಿಕೊಳ್ಳುವುದನ್ನು, ಮತ್ತೆ ಇಳಿಯುವುದನ್ನು ಮಕ್ಕಳಿಗೆ ಕಲಿಸುವವಳು ನಾನು. ಮಡಚುವ ಚಕ್ರವನ್ನು ಯಾವತ್ತೂ ನಂಬಬಾರದು. ಅದನ್ನು ಹಿಡಿದಿಡುವ ಕೊಕ್ಕೆಗೆ ಚೂರು ಕಸ ಸಿಕ್ಕಿದರೂ ಸಾಕು, ಚಕ್ರದ ಕಾಲು ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ವಿಮಾನ ಹೊಟ್ಟೆ ಉಜ್ಜಿಕೊಂಡೇ ಇಳಿಯಬೇಕು.

ಕಳೆದ ಆಯುಧಪೂಜೆಗೆ ಶಿರ್ತಾಡಿಯಿಂದ ಅಮ್ಮ ಬಸ್ಸು ಹತ್ತಿ ಬಂದಿದ್ದಳು. ಮಗಳ ವಿಮಾನ ನೋಡುವುದು ಅವಳಿಗೆ ಅದೇ ಮೊದಲು. ಬಾಳೆನಾರಿನಲ್ಲಿ ತಾನೇ ಮಲ್ಲಿಗೆ ಕಟ್ಟಿ ತಂದಿದ್ದಳು. ನಾನು ಜಾಕಿ ನೋಡಿ ತಿರುಗುವಷ್ಟರಲ್ಲಿ ಮೂರೂ ಕಾಲಿಗೆ ಹಾರ ಸುತ್ತಿ, ಕಾಲಿನೊಳಗೆ ಜಾರುವ ಹೊಳೆಯುವ ಉಕ್ಕಿನ ದಂಡಕ್ಕೆ ಕುಂಕುಮ ಹಚ್ಚಿ ಆಗಿತ್ತು. ನಮ್ಮಲ್ಲಿ ಬೈಕಿಗೂ ಬಸ್ಸಿಗೂ ಹಾಗೆಯೇ ಅಲ್ವ ಮಾಡುವುದು.

ಅತಿಥಿಗಳನ್ನು ಕರೆದುಕೊಂಡು ಬಂದ ಕಾಲೇಜಿನ ಸಂಚಾಲಕರು, "ಪೂಜೆ ಆಯ್ತಲ್ಲ, ಚಕ್ರ ಒಮ್ಮೆ ಮಡಚಿ ತೋರಿಸಿ, ಎಲ್ಲರೂ ನೋಡ್ಲಿ" ಅಂದರು.

"ಹೂ ತೆಗೆದು, ಕುಂಕುಮ ಒರೆಸಿ, ಆಮೇಲೆ ತೋರಿಸ್ತೇನೆ" ಅಂದೆ.

"ಈಗಷ್ಟೇ ಹಾಕಿದ ಹೂ ಕೀಳ್ತೀರಾ? ಹಾರಲಾರದ ವಿಮಾನಕ್ಕೆ ಇಷ್ಟು ರಗಳೆ ಯಾಕೆ ಮಾರಾಯ್ರೆ?"

ನನಗೆ ಪಿತ್ತ ನೆತ್ತಿಗೇರಿತು. "ಇದು ಹಾರುವುದಿಲ್ಲ ಸರ್. ಇಲ್ಲಿ ಕಲಿತವರು ನಾಳೆ ಹಾರುವ ವಿಮಾನಗಳನ್ನು ನೋಡಿಕೊಳ್ತಾರೆ. ದಂಡದ ಸಂದಿಗೆ ಕುಂಕುಮದ ಪುಡಿ ಹೋದರೆ ಸೀಲು ಹಾಳಾಗಿ ಒಳಗಿನ ಎಣ್ಣೆ ಸೋರ್ತದೆ. ನಾರು ಕೊಕ್ಕೆಗೆ ಸುತ್ತಿಕೊಂಡರೆ ಕಾಲು ಇಳಿಯುವುದಿಲ್ಲ. ಪರವಾಗಿಲ್ಲ ಅಂತ ನಾನು ಕಲಿಸುವವಳಲ್ಲ."

"ಹಾಗಾದ್ರೆ ನಾವು ಬೇರೆಯವರನ್ನು ನೋಡ್ಬೇಕಾಗ್ತದೆ."

"ನೋಡಿ" ಅಂದವಳೇ, ಬೇರೆ ಯಾರೂ ಚಕ್ರ ಮಡಚದ ಹಾಗೆ ಬ್ಯಾಟರಿಯ ವಯರು ಕಳಚಿಬಿಟ್ಟೆ. ನನ್ನದು ಖಾಯಂ ಕೆಲಸವಲ್ಲ. ಹೋದರೆ ಹೋಗಲಿ ಅನ್ನಿಸಿತು.

ಅವರಿಗೆ ನಾನು ಹೆದರಲಿಲ್ಲ. ಅಮ್ಮನ ಮುಖ ನೋಡುವ ಧೈರ್ಯ ಮಾತ್ರ ಇರಲಿಲ್ಲ. ಇಷ್ಟು ಜನರೆದುರು ಅವಳ ಹಾರಕ್ಕೇ ನಾನು ಕತ್ತರಿ ಹಾಕಬೇಕಿತ್ತು. ರೆಕ್ಕೆಯ ಕೆಳಗೆ ಬಗ್ಗಿ ಕುಳಿತೆ. ಅವಳು ಹಾಕಿದ ಗಂಟು ಬಹಳ ಗಟ್ಟಿ, ಕತ್ತರಿಯ ತುದಿ ತೂರಿಸಲು ಸಂದಿ ಹುಡುಕಿದೆ.

"ಅಪಶಕುನ" ಎಂದು ಹಿಂದಿನಿಂದ ಯಾರೋ ಗೊಣಗಿದರು.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನನ್ನ ಪಕ್ಕ ಕುಳಿತಳು. ಕತ್ತರಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ತುಳುವಿನಲ್ಲಿ ಹೇಳಿದಳು:

"ದೇವರ ಹತ್ತಿರ ನಾನು ಮಾತಾಡ್ತೇನೆ. ನೀನು ಕುಂಕುಮ ಒರೆಸು."